ಗರ್ಭಕೋಶ ತೆಗೆಯಲು ಮೂರು ದಾರಿ, ನಾವು ಕೇಳುವುದು ಎರಡೇ

ಪುಣೆಯ ಕನ್ನಡ ಮನೆಗಳಲ್ಲಿ ಗರ್ಭಕೋಶ ತೆಗೆಸುವ ಮಾತು ಬಂದರೆ ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: "ಹೊಟ್ಟೆ ಕೊಯ್ತಾರಾ, ದುರ್ಬೀನಾ?" ದುರ್ಬೀನು ಅಂದರೆ ಲ್ಯಾಪ್ರೋಸ್ಕೋಪಿ. ಯೋನಿಯ ಮೂಲಕವೇ ತೆಗೆಯುವ ಮೂರನೇ ದಾರಿ ಎಷ್ಟೋ ಜನರ ಲೆಕ್ಕದಲ್ಲೇ ಇಲ್ಲ. ಮೂರರಲ್ಲಿ ಹಳೆಯದು ಅದೇ.

1813ರಲ್ಲಿ ಜರ್ಮನಿಯ ಸರ್ಜನ್ ಲಾಂಗೆನ್‌ಬೆಕ್ ಹಾಗೆ ತೆಗೆದಾಗ ಅರಿವಳಿಕೆ ಇನ್ನೂ ಬಂದಿರಲಿಲ್ಲ. ರಕ್ತ ಸುರಿಯತೊಡಗಿತು. ಜೊತೆಗಿದ್ದ ವೈದ್ಯರಿಗೆ ಕೀಲುನೋವು, ಕೂತಲ್ಲಿಂದ ಏಳಲಾಗಲಿಲ್ಲ. ಲಾಂಗೆನ್‌ಬೆಕ್ ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಗಂಟು ಹಾಕಿದರಂತೆ. ರೋಗಿ ಬದುಕಿದರು, ಆದರೆ ಗರ್ಭಕೋಶ ತೆಗೆದದ್ದನ್ನು ಬೇರೆ ವೈದ್ಯರು ನಂಬಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆಕೆ ತೀರಿಕೊಂಡಾಗ ಶವಪರೀಕ್ಷೆಯಿಂದ ನಿಜ ಗೊತ್ತಾಯಿತು.

ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದ ಮೇಲೂ ರೋಗಿ ಮೊದಲ ಬಾರಿ ಉಳಿದದ್ದು 1853ರಲ್ಲಿ, ಅಮೆರಿಕದ ಬರ್ನ್‌ಹ್ಯಾಮ್ ಕೈಯಲ್ಲಿ. ಆಮೇಲೆ ಅದೇ ರೂಢಿಯಾಯಿತು. 1988ರಲ್ಲಿ ಹ್ಯಾರಿ ರೀಶ್ ಲ್ಯಾಪ್ರೋಸ್ಕೋಪಿಯಲ್ಲಿ ಮಾಡಿ ತೋರಿಸಿದರು. ಹೊಟ್ಟೆಗೆ ಗಾಳಿ ತುಂಬಿ, ಸಣ್ಣ ತೂತುಗಳಿಂದ ಕ್ಯಾಮೆರಾ ಮತ್ತು ಸಲಕರಣೆ ಇಳಿಸುತ್ತಾರೆ. ಗಾಯ ಚಿಕ್ಕದು, ಬೇಗ ಮನೆಗೆ ಬರಬಹುದು. ಆ ಗಾಳಿಯಿಂದಾಗಿ ಹೆಗಲು ನೋಯುವುದುಂಟು, ಅದನ್ನು ಮೊದಲೇ ಹೇಳಿದರೆ ರೋಗಿ ಗಾಬರಿಯಾಗುವುದಿಲ್ಲ. ರೋಬೋಟ್ ಬಂದದ್ದು ಆಮೇಲೆ. ಸಾಮಾನ್ಯ ಕೇಸುಗಳಲ್ಲಿ ಅದು ಲ್ಯಾಪ್ರೋಸ್ಕೋಪಿಗಿಂತ ಮೇಲು ಅನ್ನುವುದು ಸಾಬೀತಾಗಿಲ್ಲ, ಬಿಲ್ ಮಾತ್ರ ಜಾಸ್ತಿ.

ಪುಣೆಗೂ ಈ ಕಥೆಯಲ್ಲಿ ಪಾಲಿದೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ಗರ್ಭಕೋಶವನ್ನು ಸುತ್ತಲಿನ ಭಾಗಗಳ ಸಮೇತ ತೆಗೆಯುವ ದೊಡ್ಡ ಆಪರೇಷನ್ ಅನ್ನು ಲ್ಯಾಪ್ರೋಸ್ಕೋಪಿಯಲ್ಲೇ ಮಾಡುವ ವಿಧಾನವನ್ನು ಡಾ. ಶೈಲೇಶ್ ಪುಣತಾಂಬೇಕರ್ ತಂಡ 2007ರಲ್ಲಿ 248 ಕೇಸುಗಳೊಂದಿಗೆ ಪ್ರಕಟಿಸಿತು. ಅದಕ್ಕೆ 'ಪುಣೆ ಟೆಕ್ನಿಕ್' ಅಂತಲೇ ಹೆಸರು. ಆದರೆ 2018ರಲ್ಲಿ ಹಲವು ದೇಶಗಳ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಈ ಕ್ಯಾನ್ಸರ್‌ನ ಆರಂಭದ ಹಂತದಲ್ಲಿ ತೂತು ಹಾಕಿ ಮಾಡಿಸಿಕೊಂಡವರಲ್ಲಿ ಕಾಯಿಲೆ ಮರಳಿದ್ದೂ ಸಾವೂ ಹೆಚ್ಚು, ಹೊಟ್ಟೆ ಕೊಯ್ಯಿಸಿಕೊಂಡವರಲ್ಲಿ ಕಡಿಮೆ. ಎಷ್ಟೋ ಸರ್ಜನ್‌ಗಳು ಮತ್ತೆ ಹಳೆಯ ದಾರಿಗೇ ಬಂದರು.

ಕ್ಯಾನ್ಸರ್ ಅಲ್ಲದ ಕಾಯಿಲೆಗಳ ಲೆಕ್ಕವೇ ಬೇರೆ. ಅಲ್ಲಿ ಸಾಧ್ಯವಿದ್ದರೆ ಯೋನಿಯ ಮೂಲಕ, ಆಗದಿದ್ದರೆ ಲ್ಯಾಪ್ರೋಸ್ಕೋಪಿ, ಕೊನೆಗೆ ಹೊಟ್ಟೆ ಕೊಯ್ಯುವುದು. ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದವರ ಸಲಹೆ ಇದು. ಗರ್ಭಕೋಶ ತೀರಾ ದೊಡ್ಡದಾಗಿದ್ದರೆ, ಒಳಗೆ ಅಂಟಿಕೊಂಡಿದ್ದರೆ ಮೊದಲನೆಯದು ಕಷ್ಟ, ನಿಜ. ಆದರೆ ಜಾರಿ ಇಳಿಯದ ಗರ್ಭಕೋಶವನ್ನೂ ಆ ದಾರಿಯಲ್ಲಿ ತೆಗೆಯಬಹುದು. ಹೊಟ್ಟೆಯ ಮೇಲೆ ಒಂದು ಹೊಲಿಗೆಯೂ ಇರುವುದಿಲ್ಲ, ದುಬಾರಿ ಯಂತ್ರವೂ ಬೇಕಿಲ್ಲ. ಅದಕ್ಕೆ ಬೇಕಿರುವುದು ಪಳಗಿದ ಕೈ. ಹೊಸ ವೈದ್ಯರಿಗೆ ಆ ಅಭ್ಯಾಸ ಸಿಗುವುದು ಕಡಿಮೆಯಾಗುತ್ತಿದೆ ಅನ್ನುವುದೇ ನನ್ನ ತಕರಾರು.

ತೆಗೆಯಲೇಬೇಕಾ ಅನ್ನುವುದಂತೂ ಇದೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯುವ ಎಷ್ಟೋ ಹೆಂಗಸರ ಗರ್ಭಕೋಶವನ್ನು ಬೇಕಿಲ್ಲದೆಯೇ ತೆಗೆದರು ಅಂತ 2019ರಲ್ಲಿ ಎದ್ದ ಗದ್ದಲವೂ ಅದರದ್ದೇ ಅಲ್ವಾ? ಅತಿಯಾದ ಮುಟ್ಟಿಗೆ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವೂ ಇದೆ. ತೆಗೆಯಲೇಬೇಕು ಅಂತಾದರೆ "ಕೆಳಗಿನಿಂದ ಆಗಲ್ವಾ ಡಾಕ್ಟ್ರೇ? ಆಗಲ್ಲ ಅಂದ್ರೆ ಯಾಕೆ?" ಅಂತ ಕೇಳಿ.