ಹೊಸ ಹಕ್ಕಿಯ ನಂಬಿಕೆ ಗಳಿಸುವುದು: ಬಡ್ಜಿ, ಕಾಕಟೀಲ್ ಸಾಕುವವರಿಗೆ ಟಿಪ್ಪಣಿ

ಬೆಂಗಳೂರಿನ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಜೋಡಿಯಾಗಿ ಮಾರುವ ಹಕ್ಕಿ ಬಹುಪಾಲು ಬಡ್ಜಿ ಎಂಬ ಪುಟ್ಟ ಗಿಳಿಯೇ ಆಗಿರುತ್ತದೆ. 30–40 ಗ್ರಾಂ ತೂಗುವ ಈ ಹಕ್ಕಿ ಆಸ್ಟ್ರೇಲಿಯಾದ ಒಣ ಬಯಲುಗಳದ್ದು. ಅಲ್ಲಿ ಗುಂಪುಗುಂಪಾಗಿ ಹಾರುತ್ತದೆ, ಡೇಗೆಯಂಥ ಬೇಟೆಹಕ್ಕಿಗಳಿಗೆ ಆಹಾರವಾಗುತ್ತದೆ. ಜುಟ್ಟಿನ ಗಿಳಿ ಕಾಕಟೀಲ್ ಕೂಡ ಅಲ್ಲಿಯದೇ. (ನಮ್ಮ ಹಸಿರು ಗಿಳಿಯ ಮಾತೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿ ಸಾಕುವಂತಿಲ್ಲ.)

ಬೇಟೆಗೆ ಸಿಗುವ ಜೀವಿಗೆ ಮೊದಲು ಬೇಕಾದದ್ದು ತಪ್ಪಿಸಿಕೊಳ್ಳುವ ದಾರಿ. ಪಳಗಿಸುವ ಪಾಠವೆಲ್ಲ ಇಲ್ಲಿಂದಲೇ ಹೊರಡುತ್ತದೆ. ಕಣ್ಣುಗಳು ತಲೆಯ ಎರಡೂ ಪಕ್ಕದಲ್ಲಿರುವುದರಿಂದ ಹಿಂದೆ, ಮೇಲೆ ಏನಾಗುತ್ತಿದೆ ಎಂಬುದೂ ಬಹುಮಟ್ಟಿಗೆ ಅದಕ್ಕೆ ಕಾಣುತ್ತದೆ. ಮೇಲಿನಿಂದ ಇಳಿಯುವ ಕೈ ಅದರ ಪಾಲಿಗೆ ಗಿಡುಗವೇ. ಕೈಯನ್ನು ಕೆಳಗಿನಿಂದ, ಪಕ್ಕದಿಂದ, ನಿಧಾನವಾಗಿ ತನ್ನಿ.

ಪಂಜರವನ್ನು ಬಾಲ್ಕನಿಯಲ್ಲಿಡುವುದು ನಮ್ಮ ಅಪಾರ್ಟ್‌ಮೆಂಟ್‌ಗಳ ರೂಢಿ. ಆದರೆ ಈ ಊರಿನ ಆಕಾಶದಲ್ಲಿ ದಿನವಿಡೀ ಹದ್ದು ಸುತ್ತುತ್ತವೆ, ಕಂಬಿಯ ಮೇಲೆ ಕಾಗೆ ಬಂದು ಕೂರುತ್ತದೆ. ಹಗಲೆಲ್ಲ ಹೆದರಿಕೊಂಡೇ ಇದ್ದ ಹಕ್ಕಿ ಸಂಜೆ ನಿಮ್ಮಿಂದ ಏನೂ ಕಲಿಯಲಾರದು. ಹಾಲ್‌ನ ಮೂಲೆಯಲ್ಲಿ, ಒಂದು ಪಕ್ಕ ಗೋಡೆಗೆ ತಾಗುವಂತೆ, ನಿಮ್ಮ ಎದೆಯ ಎತ್ತರಕ್ಕಿಡಿ. ಅಡುಗೆಮನೆ ಹತ್ತಿರ ಬೇಡವೇ ಬೇಡ: ಅತಿಯಾಗಿ ಕಾದ ನಾನ್‌ಸ್ಟಿಕ್ ತವಾದ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಸೊಳ್ಳೆಬತ್ತಿ, ಊದುಬತ್ತಿಯ ಹೊಗೆಯೂ ಒಳ್ಳೆಯದಲ್ಲ. ರಾತ್ರಿ 10–12 ಗಂಟೆ ನಿದ್ದೆ ಬೇಕು. ಟಿವಿ ತಡವಾಗಿ ಆರುವ ಮನೆಗಳಲ್ಲಿ ಸಂಜೆಯ ಹೊತ್ತಿಗೇ ಪಂಜರವನ್ನು ಒಳಕೋಣೆಗೆ ಸಾಗಿಸುವುದು ಲೇಸು.

ಮೊದಲ ಕೆಲವು ದಿನ ಪಂಜರದ ಪಕ್ಕ ಸುಮ್ಮನೆ ಕೂತು ಪೇಪರ್ ಓದಿ, ಮೆಲ್ಲಗೆ ಮಾತಾಡಿ. ನೀವು ಪಕ್ಕದಲ್ಲಿರುವಾಗಲೇ ಕಾಳು ತಿನ್ನತೊಡಗಿತೆಂದರೆ ಮೊದಲ ಹಂತ ದಾಟಿದಂತೆ.

ಇನ್ನು ಮುಖ್ಯ ವಿಷಯ. ‘ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಇರಿ, ಒದ್ದಾಡಿ ಒದ್ದಾಡಿ ಪಳಗುತ್ತೆ’ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಹಕ್ಕಿ ಕೊನೆಗೆ ಅಲುಗಾಡದೆ ಇರುವುದು ನಂಬಿಕೆಯಿಂದಲ್ಲ, ಏನು ಮಾಡಿದರೂ ಬಿಡುಗಡೆಯಿಲ್ಲ ಎಂದು ಸೋತಿದ್ದರಿಂದ. ಅಪಾಯವೂ ಇದೆ. ಹಕ್ಕಿಗೆ ನಮ್ಮಂತೆ ವಪೆ (ಉಸಿರಾಟಕ್ಕೆ ನೆರವಾಗುವ, ಎದೆ–ಹೊಟ್ಟೆಯ ನಡುವಿನ ಸ್ನಾಯುಪದರ) ಇಲ್ಲ. ಎದೆಮೂಳೆ ಮುಂದಕ್ಕೂ ಹಿಂದಕ್ಕೂ ಚಲಿಸಿದರೆ ಮಾತ್ರ ಮೈಯೊಳಗಿನ ಗಾಳಿಚೀಲಗಳಲ್ಲಿ ಗಾಳಿ ಆಡುತ್ತದೆ. ಎದೆಯನ್ನು ಅದುಮಿ ಹಿಡಿದರೆ ಉಸಿರೇ ಕಟ್ಟುತ್ತದೆ.

ಸರಿಯಾದ ದಾರಿ ಹಂತಹಂತವಾಗಿ ಒಗ್ಗಿಸುವುದು. ಕೈಯನ್ನು ಹತ್ತಿರ ತರುತ್ತಾ ಹೋಗಿ. ಹಕ್ಕಿ ಗರಿಗಳನ್ನು ಮೈಗೆ ಅಂಟಿಸಿಕೊಂಡು ಸಪೂರವಾಗಿ ಸೆಟೆದು ನಿಂತರೆ ಅದೇ ಗಡಿ. ಕಾಕಟೀಲ್ ಆದರೆ ಜುಟ್ಟು ನೋಡಿ: ನೆಟ್ಟಗೆ ನಿಂತರೆ ಗಾಬರಿ, ತಲೆಗೆ ಒತ್ತಿಕೊಂಡು ಬುಸುಗುಟ್ಟಿದರೆ ‘ದೂರ ಹೋಗು’ ಎಂದೇ ಅರ್ಥ. ಆ ಗಡಿ ಮುಟ್ಟುವ ಮೊದಲೇ ನಿಂತು, ಹಕ್ಕಿ ಸಡಿಲಗೊಂಡ ಕೂಡಲೇ ನೀವು ಹಿಂದೆ ಸರಿಯಬೇಕು. ಹೀಗೆ ಸರಿಯುವುದೇ ಒಂದು ಪುನರ್ಬಲನ, ಅಂದರೆ ಆ ನಡವಳಿಕೆಯನ್ನು ಮತ್ತೆ ಮಾಡುವಂತೆ ಹುರಿದುಂಬಿಸುವ ಪ್ರತಿಫಲ. ಶಾಂತವಾಗಿದ್ದರೂ ನನ್ನ ಮಾತು ನಡೆಯುತ್ತದೆ ಎಂದು ಹಕ್ಕಿ ಕಲಿಯುತ್ತದೆ. ‘ಬೇಡ’ ಎಂದದ್ದನ್ನು ನಾವು ಕೇಳಿಸಿಕೊಂಡಷ್ಟೂ ಅದು ಧೈರ್ಯವಾಗಿ ‘ಬೇಕು’ ಎನ್ನುತ್ತದೆ. ಕಚ್ಚುವ ಹಕ್ಕಿ ಸಾಮಾನ್ಯವಾಗಿ ಈ ಸೂಚನೆಗಳನ್ನೆಲ್ಲ ಮೊದಲೇ ಕೊಟ್ಟಿರುತ್ತದೆ.

ನೆಮ್ಮದಿಯ ಗುರುತುಗಳು: ಕೊಕ್ಕಿನಿಂದ ಗರಿ ತೀಡಿಕೊಳ್ಳುವುದು, ಒಂಟಿಕಾಲಲ್ಲಿ ಕೂರುವುದು, ನಿದ್ದೆಗೆ ಮುಂಚೆ ಕೊಕ್ಕು ಮಸೆಯುವ ಸದ್ದು. ಆದರೆ ಹಗಲಿಡೀ ಗರಿ ಉಬ್ಬಿಸಿಕೊಂಡು, ಉಸಿರಿನ ಜೊತೆ ಬಾಲವೂ ಏರಿಳಿಯುತ್ತಿದ್ದರೆ ಅದು ಕಾಯಿಲೆ. ಹಕ್ಕಿಗಳು ರೋಗವನ್ನು ಬಚ್ಚಿಡುತ್ತವೆ, ಕಾಯಬೇಡಿ, ಹಕ್ಕಿಗಳನ್ನು ನೋಡುವ ಪಶುವೈದ್ಯರ ಬಳಿ ಅಂದೇ ಹೋಗಿ.

ಬಹುಮಾನಕ್ಕೆ ನವಣೆ ತೆನೆಗಿಂತ ಒಳ್ಳೆಯದು ಇಲ್ಲ. ಪೆಟ್ ಅಂಗಡಿಯಲ್ಲಿ ಪ್ಯಾಕೆಟ್ ಮಾಡಿ ಮಾರುವ ‘ಮಿಲೆಟ್ ಸ್ಪ್ರೇ’ ನಮ್ಮ ರೈತರು ಬೆಳೆಯುವ ನವಣೆಯೇ. ದಿನದ ಕಾಳು, ನೀರು ಎಂದಿನಂತಿರಲಿ, ಹಸಿವಿನಲ್ಲಿಡಬಾರದು. ತೆನೆ ಮಾತ್ರ ನಿಮ್ಮ ಕೈಯಿಂದಲೇ ಸಿಗಲಿ. ಮೊದಲು ಉದ್ದ ತೆನೆಯನ್ನು ಕಂಬಿಯ ಸಂದಿಯಿಂದ ಹಿಡಿಯಿರಿ, ಆಮೇಲೆ ತುಂಡು, ಕೊನೆಗೆ ಅಂಗೈ ಮೇಲೆ. ನಾಲಿಗೆಯಿಂದ ‘ಟಕ್’ ಎಂದು ಸದ್ದು ಮಾಡಿ, ತಕ್ಷಣ ಕಾಳು ಕೊಡಿ. ಸದ್ದು ಕೇಳಿದರೆ ಕಾಳು ಬರುತ್ತದೆ ಎಂದು ಹಕ್ಕಿ ಎರಡನ್ನೂ ಜೋಡಿಸಿಕೊಳ್ಳುತ್ತದೆ; ವಿಜ್ಞಾನಿ ಪಾವ್ಲೋವ್ ತೋರಿಸಿಕೊಟ್ಟ ಶಾಸ್ತ್ರೀಯ ಅನುಬಂಧನ ಇದು. ಸದ್ದು ಮೊದಲು, ಕಾಳು ಆಮೇಲೆ, ಕ್ರಮ ತಿರುಗಿದರೆ ಪಾಠ ತಲೆಗೆ ಹತ್ತುವುದಿಲ್ಲ. ಬೆರಳಿನ ಮೇಲೆ ಹತ್ತಿಸುವಾಗ ಹೊಟ್ಟೆಯನ್ನು ದೂಡಬೇಡಿ. ಬೆರಳನ್ನು ಕಾಲಿನ ಮುಂದೆ ಅಡ್ಡ ಹಿಡಿದು, ಅದರಾಚೆ ತೆನೆ ತೋರಿಸಿ. ಹತ್ತುವುದು, ಬಿಡುವುದು ಅದರ ಇಷ್ಟ.

ಜೋಡಿ ಇದ್ದರೆ ಪಳಗಿಸಲೆಂದು ಬೇರೆ ಮಾಡಬೇಡಿ. ನಿಧಾನವಾದರೂ ಧೈರ್ಯದ ಹಕ್ಕಿ ತಿನ್ನುವುದನ್ನು ನೋಡಿ ಇನ್ನೊಂದೂ ಬರುತ್ತದೆ. ಹೊರಗೆ ಬಿಡುವಾಗ ಫ್ಯಾನ್ ಆಫ್, ಕಿಟಕಿಗೆ ಪರದೆ.

ದೀಪಾವಳಿಯ ಪಟಾಕಿಗೆ ಕಾಕಟೀಲ್‌ಗಳು ಕತ್ತಲಲ್ಲಿ ಬೆಚ್ಚಿ ಪಂಜರಕ್ಕೆ ಬಡಿದುಕೊಳ್ಳುವುದುಂಟು. ಆ ರಾತ್ರಿಗಳಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಲಿ, ಪಂಜರದ ಮೂರು ಪಕ್ಕಕ್ಕೆ ಬಟ್ಟೆ ಹೊದಿಸಿ. ಹಬ್ಬ ಕಳೆದ ಮೇಲೆ ಕೈ ಕಂಡರೆ ಮತ್ತೆ ಹಿಂಜರಿದರೆ ಬೇಸರ ಬೇಡ, ಕಂಬಿಯ ಹೊರಗಿನಿಂದ ಉದ್ದ ತೆನೆ ಕೊಡುವ ಹಂತಕ್ಕೆ ವಾಪಸ್ಸು ಹೋಗಿ. ಈ ಸಲ ಬೇಗ ಮುಂದೆ ಸಾಗುತ್ತದೆ.