ಅಂಶ: ಛೇದವನ್ನು ಕಳೆದುಕೊಂಡ ಪದ

'ಈ ತಿಂಗಳು ಸೆನ್ಸೆಕ್ಸ್ 1,600 ಅಂಶ ಏರಿದರೆ ನಿಫ್ಟಿಯ ಗಳಿಕೆ ಕೇವಲ 500 ಅಂಶ' ಎಂಬ ಧಾಟಿಯ ವಾಕ್ಯವನ್ನು ಷೇರುಪೇಟೆಯ ಮಾಸಿಕ ಅವಲೋಕನಗಳಲ್ಲಿ ಎಷ್ಟನೆಯ ಸಲವೋ ಓದಿದ ಮೇಲೆ ಈ ಟಿಪ್ಪಣಿ ಬರೆಯದೆ ವಿಧಿಯಿಲ್ಲವಾಯಿತು. ಷೇರು ಬೆಲೆಗಳ ಏರಿಳಿತ ಅಳೆಯುವ ಈ ಎರಡು ಸೂಚ್ಯಂಕಗಳಲ್ಲಿ ಸೆನ್ಸೆಕ್ಸ್ 80,000ದ ಹಾಗೂ ನಿಫ್ಟಿ 24,300ರ ಆಸುಪಾಸಿನಲ್ಲಿರುವಾಗ ಈ ಎರಡೂ ಏರಿಕೆಗಳು ಶೇ 2ರ ಹತ್ತಿರದವು. ಕೂದಲು ಸೀಳುವುದಾದರೆ ನಿಫ್ಟಿಯದೇ ಒಂದೆಳೆ ಹೆಚ್ಚು. ಆ 'ಕೇವಲ'ಕ್ಕೆ ಅಲ್ಲಿ ಯಾವ ಕೆಲಸವೂ ಇಲ್ಲ.

ಸಂಸ್ಕೃತದಿಂದ ಬಂದ 'ಅಂಶ'ಕ್ಕೆ ಭಾಗ, ಪಾಲು ಎಂಬುದೇ ಮೂಲಾರ್ಥ. ಧರ್ಮಶಾಸ್ತ್ರದ ದಾಯವಿಭಾಗದಲ್ಲಿ ಪಿತ್ರಾರ್ಜಿತದಿಂದ ಸೋದರರಿಗೆ ಸಲ್ಲುವ ಪಾಲು ಅಂಶ. ವೃತ್ತವನ್ನು 360 ಪಾಲು ಮಾಡಿದರೆ ಒಂದೊಂದು ಪಾಲೂ ಅಂಶ, ಅಕ್ಷಾಂಶ ರೇಖಾಂಶಗಳಲ್ಲಿರುವುದು ಅದೇ. ಶಾಲೆಯ ಗಣಿತದಲ್ಲಿ ಭಿನ್ನರಾಶಿಯ ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ. ಈ ಎಲ್ಲ ಬಳಕೆಗಳಲ್ಲೂ 'ಯಾವುದರ ಅಂಶ?' ಎಂಬ ಪ್ರಶ್ನೆ ಪದದೊಳಗೇ ಕುಳಿತಿದೆ. ಇಂಗ್ಲಿಷಿನ 'ಪಾಯಿಂಟ್'ಗೆ ಸಾಟಿಯಾಗಿ ಷೇರುಪೇಟೆಯ ಕನ್ನಡ ಈ ಪದವನ್ನು ಆಯ್ದುಕೊಂಡಿತು. ಪಾಯಿಂಟ್ ಎಂದರೆ ಚುಕ್ಕೆ, ಅದಕ್ಕೆ ಛೇದದ ಹಂಗಿಲ್ಲ. ನಮಗೆ ದೊರೆತದ್ದು ಮೂಲಕ್ಕಿಂತ ಅರ್ಥವತ್ತಾದ ಪದ, ಆದರೆ ಅದನ್ನು ನಾವು ಬಳಸುತ್ತಿರುವುದು ಚುಕ್ಕೆಯಂತೆಯೇ.

ಹಾಗಾದರೆ ಸೆನ್ಸೆಕ್ಸಿನ ಒಂದು ಅಂಶ ಯಾವುದರ ಪಾಲು? 1986ರಲ್ಲಿ ಪ್ರಕಟಣೆ ಆರಂಭಿಸಿದ ಈ ಸೂಚ್ಯಂಕ 1978-79ನ್ನು ಮೂಲ ವರ್ಷವೆಂದು ಹಿಡಿದು, ಅಂದಿನ ಮಟ್ಟವನ್ನು 100 ಎಂದು ಎಣಿಸುತ್ತದೆ. ಆದ್ದರಿಂದ ಒಂದು ಅಂಶವೆಂದರೆ ಆ ಮೂಲ ಮಟ್ಟದ ನೂರನೆಯ ಒಂದು ಪಾಲು, ಅಂದರೆ ಹುಟ್ಟಿನಲ್ಲಿ ಅಂಶವೂ ಶೇಕಡಾವಾರೂ ಒಂದೇ ಆಗಿದ್ದವು. ಸೂಚ್ಯಂಕ 80,000 ಮುಟ್ಟಿದಾಗ ಶೇ 1 ಆಗಬೇಕಾದರೆ 800 ಅಂಶಗಳು ಬೇಕು. ನಿಫ್ಟಿಯ ಎಣಿಕೆ 1995ರ ನವೆಂಬರ್ 3ರ ಮಟ್ಟವನ್ನು 1,000 ಎಂದಿಟ್ಟುಕೊಂಡು ಶುರುವಾದುದರಿಂದ ಅದರ ಅಂಶದ ಅಳತೆಯೇ ಬೇರೆ. ಈ ಎರಡನ್ನು ಪಕ್ಕಪಕ್ಕ ನಿಲ್ಲಿಸಿ ಹೋಲಿಸುವುದು ಗಜದಲ್ಲಿ ಅಳೆದದ್ದನ್ನು ಮೊಳದಲ್ಲಿ ಅಳೆದದ್ದರೊಡನೆ ತೂಗಿ ನೋಡಿದಂತೆ.

ಕುಸಿತದ ದಿನಗಳಲ್ಲಿ ಈ ಅಜಾಗರೂಕತೆ ವಿಪರೀತಕ್ಕೆ ಹೋಗುತ್ತದೆ. ಲೋಕಸಭಾ ಚುನಾವಣೆಯ ಮತ ಎಣಿಕೆ ನಡೆದ 2024ರ ಜೂನ್ 4ರಂದು ಸೆನ್ಸೆಕ್ಸ್ 4,389.73 ಅಂಶ ಇಳಿಯಿತು. ಅಂಶಗಳ ಎಣಿಕೆಯಲ್ಲಿ ಅದುವರೆಗೆ ಅಷ್ಟು ದೊಡ್ಡ ಇಳಿಕೆ ಆಗಿರಲಿಲ್ಲವೆಂಬುದು ನಿಜ, ಆದರೆ ಶೇಕಡಾ ಲೆಕ್ಕದಲ್ಲಿ ಅದು 5.74. ಕೋವಿಡ್ ಭೀತಿಯ 2020ರ ಮಾರ್ಚ್ 23ರಂದು ಇಳಿದದ್ದು 3,934.72 ಅಂಶ, ಅಂದರೆ ಶೇ 13.15. ಇನ್ನೂ ಹಿಂದಕ್ಕೆ, ಹರ್ಷದ್ ಮೆಹ್ತಾ ಹಗರಣ ಹೊರಬಿದ್ದ ಬೆನ್ನಿಗೆ 1992ರ ಏಪ್ರಿಲ್ 28ರಂದು 570 ಅಂಶ ಹೋದಾಗ ಹೂಡಿಕೆದಾರರು ಕಳೆದುಕೊಂಡದ್ದು ಶೇ 12.77. ಅದೇ 570 ಅಂಶ 80,000ದ ಮಟ್ಟದಲ್ಲಿ ಇಳಿದರೆ ಯಾರೂ ತಲೆಯೆತ್ತಿ ನೋಡಬೇಕಾಗಿಲ್ಲ.

ಪೇಟೆಯನ್ನು ನಡೆಸುವವರು ಈ ಪಾಠ ಕಲಿತು ಬಹಳ ಕಾಲವಾಯಿತು. ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರವು 1987ರ ಮಹಾಕುಸಿತದ ನಂತರ ವಹಿವಾಟು ತಡೆಯುವ ಮಿತಿಗಳನ್ನು ಡೌ ಜೋನ್ಸ್ ಸೂಚ್ಯಂಕದ ಅಂಶಗಳಲ್ಲಿಯೇ ಗೊತ್ತುಮಾಡಿತ್ತು; 1997ರ ಅಕ್ಟೋಬರ್ 27ರಂದು ಕೇವಲ ಶೇ 7ರಷ್ಟು ಇಳಿಕೆಗೇ (ಈ 'ಕೇವಲ' ಸಕಾರಣವಾದದ್ದು) ಪೇಟೆ ಬಾಗಿಲು ಮುಚ್ಚಬೇಕಾಗಿ ಬಂದು, ಮರುವರ್ಷ ಮಿತಿಗಳನ್ನು ಶೇಕಡಾವಾರಿಗೆ ಬದಲಿಸಲಾಯಿತು. ಭಾರತದಲ್ಲಿಯೂ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ವಿಧಿಸಿರುವ ತಡೆಗಳು ಶೇ 10, 15 ಮತ್ತು 20ರ ಏರಿಳಿತಕ್ಕೆ ಕಟ್ಟುಬಿದ್ದಿವೆ.

ಬಡ್ಡಿದರದ ಮಾತು ಬಂದ ಕೂಡಲೇ ಇದೇ ಬರಹಗಾರರು ಅಂಶವನ್ನು ಮರೆಯುತ್ತಾರೆ, ಅದು ಅಗತ್ಯವಾಗಿ ಬೇಕಾದುದು ಅಲ್ಲಿಯೇ ಆದರೂ. ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಲ್ಲಿ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿದರ) ಶೇ 6.50ರಿಂದ 6.25ಕ್ಕೆ ತಂದಾಗ 'ದರದಲ್ಲಿ ಶೇ 0.25ರಷ್ಟು ಇಳಿಕೆ' ಎಂದು ಬರೆದರೆ, ಅಕ್ಷರಶಃ ಓದುವವನಿಗೆ ಹೊಸ ದರ 6.48ರ ಸುಮಾರಿನದಾಗುತ್ತದೆ. ಇಳಿದದ್ದು ಶೇಕಡಾ ಅಂಶಗಳಲ್ಲಿ (ಎರಡು ಶೇಕಡಾ ದರಗಳ ನಡುವಿನ ನೇರ ಅಂತರದಲ್ಲಿ) 0.25, ಅಥವಾ ಶೇಕಡಾ ಅಂಶವನ್ನು ಮತ್ತೆ ನೂರು ಪಾಲು ಮಾಡಿದ ಮೂಲಾಂಶಗಳಲ್ಲಿ 25. ಹಳೆಯ ದರಕ್ಕೆ ಹೋಲಿಸಿದರೆ ಅದು ಶೇ 3.8ರಷ್ಟು ಇಳಿಕೆ. ಅದೇ ವರ್ಷದ ಜೂನ್‌ನಲ್ಲಿ 6.00 ಇದ್ದ ದರ 5.50ಕ್ಕೆ ಬಂದದ್ದು 50 ಮೂಲಾಂಶಗಳ ಕಡಿತ. ಹೀಗೆ ಬರೆದರೆ ಓದುಗನಿಗೆ ಹಳೆಯ ದರ ನೆನಪಿಲ್ಲದಿದ್ದರೂ ಕಡಿತ ಎಷ್ಟೆಂಬುದರಲ್ಲಿ ಸಂದೇಹ ಉಳಿಯುವುದಿಲ್ಲ.