ಒಗೆದ ಬಟ್ಟೆಗೂ ಮುಗ್ಗಲು ವಾಸನೆ ಬರುವುದೇಕೆ?

ಪ್ರಶ್ನೆ: ನಾವು ಮಂಗಳೂರಿನವರು. ಮಳೆಗಾಲ ಶುರುವಾದಾಗಿನಿಂದ ನಮ್ಮ ಫ್ರಂಟ್ ಲೋಡ್ ವಾಷಿಂಗ್ ಮಷಿನ್‌ನ ಬಾಗಿಲು ತೆರೆದರೆ ಮುಗ್ಗಲು ವಾಸನೆ ಬರುತ್ತದೆ. ಒಗೆದು ಒಣಗಿಸಿದ ಟವೆಲ್ ಸ್ವಲ್ಪ ಒದ್ದೆಯಾದರೂ ಅದೇ ನಾತ. ಡಿಟರ್ಜೆಂಟ್ ಹೆಚ್ಚು ಹಾಕಿ ನೋಡಿದೆವು, ಸುವಾಸನೆಯ ಕಂಡಿಷನರ್ ಕೂಡ ಬಳಸಿದೆವು, ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಮಷಿನ್ ಬದಲಿಸಬೇಕೆ?

ಉತ್ತರ: ಮಷಿನ್ ಬದಲಿಸುವ ಅಗತ್ಯ ಬಹುಮಟ್ಟಿಗೆ ಇರುವುದಿಲ್ಲ. ಆದರೆ ನೀವು ಈಗಾಗಲೇ ಮಾಡಿರುವ ಎರಡೂ ಉಪಾಯಗಳು ವಾಸನೆಯನ್ನು ಕಡಿಮೆ ಮಾಡುವ ಬದಲು ಅದಕ್ಕೆ ಆಹಾರ ಒದಗಿಸಿವೆ. ತೊಳೆದುಹೋಗದೆ ಉಳಿದ ಡಿಟರ್ಜೆಂಟ್, ಕಂಡಿಷನರ್‌ನಲ್ಲಿರುವ ಕೊಬ್ಬಿನಂತಹ ಅಂಶ, ಬಟ್ಟೆಯಿಂದ ಬಿಟ್ಟ ಮೈಯ ಜಿಡ್ಡು ಮತ್ತು ನೂಲಿನ ಎಳೆಗಳು ಸೇರಿ ಡ್ರಮ್ಮಿನ ಹಿಂಬದಿಯಲ್ಲಿ, ಪೈಪುಗಳ ಒಳಗೋಡೆಯಲ್ಲಿ ಒಂದು ಲೋಳೆಪದರವಾಗಿ ಅಂಟಿಕೊಳ್ಳುತ್ತವೆ. ಬ್ಯಾಕ್ಟೀರಿಯಾ ಮತ್ತು ಬೂಷ್ಟು ಈ ಪದರದೊಳಗೆ ನೆಲೆಯೂರುತ್ತವೆ. ತಣ್ಣೀರಿನಲ್ಲಿ ಅಥವಾ 30 ಡಿಗ್ರಿಯಲ್ಲಿ ಒಗೆಯುವ ಮನೆಗಳಲ್ಲಿ ಅವುಗಳಿಗೆ ಯಾವ ಅಡ್ಡಿಯೂ ಆಗುವುದಿಲ್ಲ.

ಟವೆಲ್ ಮತ್ತೆ ಒದ್ದೆಯಾದಾಗ ವಾಸನೆ ಮರಳುವುದಕ್ಕೂ ಕಾರಣವಿದೆ. ಒಗೆದ ಬಟ್ಟೆಯ ಕಮಟು ವಾಸನೆಗೆ ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಒಂದು ಮುಖ್ಯ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಮನುಷ್ಯರ ಚರ್ಮದ ಮೇಲೂ ಕಾಣಸಿಗುವ ಈ ಜೀವಿ ಒಣಗಿದ ಸ್ಥಿತಿಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ತೇವ ಸಿಕ್ಕೊಡನೆ ಮತ್ತೆ ಬೆಳೆಯಲು ತೊಡಗುತ್ತದೆ. ಹಾಗಾಗಿ ಬಟ್ಟೆ ಒಣಗಿದಾಗ ವಾಸನೆ ಬರುವುದಿಲ್ಲ ಎಂದ ಮಾತ್ರಕ್ಕೆ ತೊಂದರೆ ನೀಗಿತು ಎಂದು ತಿಳಿಯಬಾರದು.

ಮೊದಲು ವಾಸನೆ ಎಲ್ಲಿಂದ ಬರುತ್ತಿದೆ ಎಂದು ಪತ್ತೆಹಚ್ಚಿ. ಕೊಳೆತ ಮೊಟ್ಟೆಯಂತಹ ನಾತವಾಗಿದ್ದರೆ ಮಷಿನ್‌ಗಿಂತ ಮೊದಲು ಹೊರಹರಿವಿನ ಪೈಪನ್ನು ಪರೀಕ್ಷಿಸಬೇಕು. ನೀರು ನಿಲ್ಲುವ ಬಾಗು ಇಲ್ಲದ ಚರಂಡಿ ಪೈಪಿನೊಳಗೆ ಹೋಸ್ ತುದಿಯನ್ನು ಆಳವಾಗಿ ತೂರಿಸಿದ್ದರೆ ಚರಂಡಿಯ ಗಾಳಿ ನೇರವಾಗಿ ಡ್ರಮ್ಮಿಗೆ ಏರಿಬರುತ್ತದೆ. ಇದಕ್ಕೆ ಎಷ್ಟು ಔಷಧ ಸುರಿದರೂ ಫಲವಿಲ್ಲ, ಪ್ಲಂಬರ್ ಬಂದೇ ಸರಿಪಡಿಸಬೇಕು. ಒದ್ದೆ ಗೋಣಿಯಂತಹ ವಾಸನೆಯಾಗಿದ್ದರೆ ಮೂಲ ಮಷಿನ್ ಒಳಗೇ ಇದೆ.

ಬಾಗಿಲಿನ ಸುತ್ತ ಇರುವ ರಬ್ಬರ್ ಗ್ಯಾಸ್ಕೆಟ್‌ನ ಕೆಳಭಾಗದ ಮಡಿಕೆಯನ್ನು ಬೆರಳಿನಿಂದ ಹೊರಕ್ಕೆ ಮಗುಚಿ ನೋಡಿ. ಅಲ್ಲಿ ನಿಂತ ನೀರು, ಬೂದು ಬಣ್ಣದ ಲೋಳೆ, ಕೂದಲು, ಕೆಲವೊಮ್ಮೆ ಕೊಳೆತ ಕಾಗದದ ಚೂರು ಅಥವಾ ಕಳೆದುಹೋಗಿದ್ದ ಕಾಲುಚೀಲವೂ ಸಿಗುತ್ತದೆ. ಮನೆಬಳಕೆಯ ಬ್ಲೀಚನ್ನು ಒಂದಕ್ಕೆ ಹತ್ತು ಪಾಲು ನೀರಿನಲ್ಲಿ ಬೆರೆಸಿ, ಕೈಗವಸು ತೊಟ್ಟು, ಬಟ್ಟೆಯನ್ನು ಅದರಲ್ಲಿ ಅದ್ದಿ ಮಡಿಕೆಯೊಳಗೆ ಹತ್ತು ನಿಮಿಷ ಇಟ್ಟು, ಆಮೇಲೆ ಒರೆಸಿ ತೆಗೆಯಿರಿ. ರಬ್ಬರಿನೊಳಕ್ಕೆ ಇಳಿದ ಕಪ್ಪು ಚುಕ್ಕೆಗಳು ಹಾಗೆಯೇ ಉಳಿಯಬಹುದು. ಅವು ಮಾಸಲಿಲ್ಲವೆಂದು ಒರಟಾಗಿ ಉಜ್ಜಿ ರಬ್ಬರ್ ಹರಿಯಬೇಡಿ. ಡಿಟರ್ಜೆಂಟ್ ಟ್ರೇಯನ್ನು ಪೂರ್ತಿ ಹೊರಗೆಳೆದು ತೊಳೆಯಿರಿ. ಟ್ರೇ ಕೂರುವ ಗೂಡಿನ ಮೇಲ್ಚಾವಣಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಏಕೆಂದರೆ ಬೂಷ್ಟು ಹೆಚ್ಚಾಗಿ ಅಡಗಿರುವುದು ಕಣ್ಣಿಗೆ ಬೀಳದ ಆ ಜಾಗದಲ್ಲೇ. ಮಷಿನ್‌ನ ಮುಂಭಾಗದ ಕೆಳಮೂಲೆಯಲ್ಲಿರುವ ಡ್ರೈನ್ ಫಿಲ್ಟರನ್ನು ಬಿಚ್ಚುವಾಗ ಕೆಳಗೆ ಅಗಲವಾದ ತಟ್ಟೆ ಇಡಿ. ಪಂಪಿನ ಸುತ್ತ ಸದಾ ಸ್ವಲ್ಪ ನೀರು ನಿಂತಿರುತ್ತದೆ, ಎಷ್ಟೋ ಮನೆಗಳಲ್ಲಿ ಅತಿ ಕೆಟ್ಟ ವಾಸನೆ ಆ ನೀರಿನದೇ ಆಗಿರುತ್ತದೆ.

ಗ್ಯಾಸ್ಕೆಟ್ ಮೇಲಿನ ಬ್ಲೀಚನ್ನು ನೀರಿನಿಂದ ಪೂರ್ತಿ ಒರೆಸಿದ ನಂತರ ಬಟ್ಟೆಯಿಲ್ಲದೆ ಬಿಸಿನೀರಿನ ಸುತ್ತು ನಡೆಸಬೇಕು. ಡ್ರಮ್ ಕ್ಲೀನ್ ಸೌಲಭ್ಯವಿದ್ದರೆ ಅದನ್ನೇ ಬಳಸಿ, ಇಲ್ಲವಾದರೆ 60 ಡಿಗ್ರಿ ಅಥವಾ ಅದಕ್ಕೂ ಮೇಲಿನ ಹತ್ತಿಬಟ್ಟೆಯ ಪ್ರೋಗ್ರಾಂ ಆರಿಸಿ. ಡ್ರಮ್ಮಿಗೆ ಸುಮಾರು 100 ಗ್ರಾಂ ಸೋಡಿಯಂ ಪರ್ಕಾರ್ಬೊನೇಟ್ (ಬಟ್ಟೆಯ ಕಲೆ ತೆಗೆಯಲು ಬಳಸುವ ಬಿಳಿ ಪುಡಿ) ಹಾಕಿದರೆ, ಬಿಸಿನೀರಿನಲ್ಲಿ ಅದರಿಂದ ಬಿಡುಗಡೆಯಾಗುವ ಹೈಡ್ರೋಜನ್ ಪೆರಾಕ್ಸೈಡ್ ಲೋಳೆಯನ್ನು ಒಡೆಯುತ್ತದೆ. ವಿನೆಗರ್ ಮತ್ತು ಅಡಿಗೆ ಸೋಡಾವನ್ನು ಒಟ್ಟಿಗೆ ಸುರಿಯುವ ಸಲಹೆ ಬಹಳ ಪ್ರಚಾರದಲ್ಲಿದೆ. ಆಮ್ಲವೂ ಕ್ಷಾರವೂ ಒಂದನ್ನೊಂದು ತಟಸ್ಥಗೊಳಿಸುವುದರಿಂದ ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಬ್ಲೀಚಿನ ಜೊತೆ ವಿನೆಗರ್, ನಿಂಬೆಹುಳಿ ಅಥವಾ ಸಿಟ್ರಿಕ್ ಆಮ್ಲವನ್ನು ಎಂದಿಗೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ಮಷಿನ್ ಶುಚಿಯಾದ ಮೇಲೆ ಟವೆಲ್‌ಗಳ ಸರದಿ. ಹತ್ತಿಯ ಟವೆಲ್‌ಗಳನ್ನು ಅದೇ ಪರ್ಕಾರ್ಬೊನೇಟ್ ಪುಡಿ ಬೆರೆಸಿದ ಬಿಸಿನೀರಿನಲ್ಲಿ ಒಂದೆರಡು ಗಂಟೆ ನೆನೆಸಿ 60 ಡಿಗ್ರಿಯಲ್ಲಿ ಒಗೆಯಿರಿ. ರೇಷ್ಮೆ, ಉಣ್ಣೆಗೆ ಇದು ಸಲ್ಲದು.

ಡಿಟರ್ಜೆಂಟ್ ಪ್ರಮಾಣವನ್ನು ನಿಮ್ಮ ಊರಿನ ನೀರು ನೋಡಿ ನಿರ್ಧರಿಸಬೇಕು. ಕರಾವಳಿಯ ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೆದುವಾದದ್ದು, ಅದರಲ್ಲಿ ಸ್ವಲ್ಪವೇ ಡಿಟರ್ಜೆಂಟ್ ಸಾಕಷ್ಟು ನೊರೆ ಕೊಡುತ್ತದೆ. ಕೊನೆಯ ಜಾಲಾಡುವಿಕೆಯಲ್ಲೂ ಗಾಜಿನ ಬಾಗಿಲಿನಾಚೆ ನೊರೆ ಕಂಡರೆ ಮುಂದಿನ ಸಲ ಪ್ರಮಾಣವನ್ನು ಅರ್ಧಕ್ಕಿಳಿಸಿ. ಕೋಲಾರದಂತಹ ಬಯಲುಸೀಮೆಯ ಬೋರ್‌ವೆಲ್ ನೀರಿನ ಸಮಸ್ಯೆ ಬೇರೆ. ಅಲ್ಲಿ ಸುಣ್ಣದ ಪದರ (ಸ್ಕೇಲ್) ಹೀಟರಿಗೂ ಡ್ರಮ್ಮಿಗೂ ಕಟ್ಟಿಕೊಂಡು ಆ ಒರಟು ಮೈಗೆ ಲೋಳೆ ಇನ್ನಷ್ಟು ಗಟ್ಟಿಯಾಗಿ ಅಂಟುವುದರಿಂದ, ಬ್ಲೀಚ್ ಬಳಸದ ಬೇರೊಂದು ದಿನ ಸ್ಕೇಲ್ ತೆಗೆಯುವ ಪುಡಿಯನ್ನು ಹಾಕುವುದು ಒಳ್ಳೆಯದು.

ಒಗೆತ ಮುಗಿದೊಡನೆ ಬಟ್ಟೆಗಳನ್ನು ತೆಗೆಯಿರಿ, ಗ್ಯಾಸ್ಕೆಟ್ ಒರೆಸಿ, ಬಾಗಿಲು ಮತ್ತು ಟ್ರೇಯನ್ನು ಸ್ವಲ್ಪ ತೆರೆದಿಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮಷಿನ್ ಇರುವ ಕೋಣೆಗೆ ಚಿಲಕ ಹಾಕಿಯೇ ಹೀಗೆ ಮಾಡಬೇಕು. ಆಷಾಢದ ಮಳೆಯಲ್ಲಿ ಮನೆಯೊಳಗೆ ಹರವಿದ ಬಟ್ಟೆ ಎರಡು ದಿನವಾದರೂ ಒಣಗದಿದ್ದರೆ, ಎಷ್ಟೇ ಶುಚಿಯಾದ ಮಷಿನ್‌ನಿಂದ ಬಂದ ಬಟ್ಟೆಯಾದರೂ ಮುಗ್ಗುತ್ತದೆ. ಆದ್ದರಿಂದ ಹೆಚ್ಚು ವೇಗದಲ್ಲಿ ಹಿಂಡಿಸಿ, ಬಟ್ಟೆಗಳ ನಡುವೆ ಅಂತರ ಬಿಟ್ಟು ಹರವಿ, ಫ್ಯಾನ್ ಗಾಳಿ ನೇರವಾಗಿ ಬೀಳುವಂತೆ ನೋಡಿಕೊಳ್ಳಿ.

ಇಷ್ಟೆಲ್ಲ ಮಾಡಿ ಬಿಸಿನೀರಿನ ಸುತ್ತನ್ನು ಎರಡು ಬಾರಿ ನಡೆಸಿದರೂ ವಾಸನೆ ಉಳಿದರೆ, ಡ್ರಮ್ಮಿನ ಹಿಂಬದಿಯ ಮೂರು ತೋಳಿನ ಲೋಹದ ಆಧಾರದ ಸುತ್ತ ದಪ್ಪಗೆ ಕೊಳೆ ಕಟ್ಟಿರುವ ಸಾಧ್ಯತೆ ಹೆಚ್ಚು. ಅದನ್ನು ಹೊರಗಿನಿಂದ ತಲುಪಲಾಗದು. ಮೆಕ್ಯಾನಿಕ್‌ನಿಂದ ಡ್ರಮ್ ಬಿಚ್ಚಿಸಬೇಕಾಗುತ್ತದೆ. ಬಿಚ್ಚಿದಾಗ ಆ ಆಧಾರ ತುಕ್ಕು ತಿಂದಿದೆಯೇ ಎಂದು ನೀವೇ ನಿಂತು ನೋಡಿ, ಆಮೇಲೆ ದುರಸ್ತಿಗೆ ಒಪ್ಪಿಗೆ ಕೊಡಿ.